ಆಯಿಲ್ ಪ್ರೆಶರ್ ದೀಪದ ತಂತಿ ಕಳಚಿಟ್ಟು ದುರಸ್ತಿಯೆಂದು ಬಿಲ್ ಮಾಡಿದ ಬಗ್ಗೆ ದೂರು

ಬದಿಯಡ್ಕ, ಜೂನ್ 30

ವ್ಯವಸ್ಥಾಪಕರಿಗೆ,
ವಾಹನ ಸರ್ವೀಸ್ ಸೆಂಟರ್, ಕಾಸರಗೋಡು

ಮಾನ್ಯರೇ,

ನನ್ನ 2006ರ ಮಾದರಿಯ ಪೆಟ್ರೋಲ್ ವ್ಯಾನನ್ನು ಜೂನ್ 10ರಂದು ನಿಮ್ಮಲ್ಲಿ ಬಿಟ್ಟದ್ದು ಒಂದೇ ಕಾರಣಕ್ಕೆ: ಎಂಜಿನ್ ಓಡುತ್ತಿದ್ದಾಗಲೂ ಆಯಿಲ್ ಪ್ರೆಶರಿನ ಕೆಂಪು ದೀಪ ಆರುತ್ತಿರಲಿಲ್ಲ. ಮರುದಿನ ಸಂಜೆ 1,480 ರೂಪಾಯಿ ಕಟ್ಟಿ ವ್ಯಾನ್ ಬಿಡಿಸಿಕೊಂಡೆ. ಬಿಲ್ಲಿನಲ್ಲಿ ಆ ದೀಪವನ್ನು ಉರಿಸಿ ಆರಿಸುವ ಆಯಿಲ್ ಪ್ರೆಶರ್ ಸ್ವಿಚ್ಚು ಹೊಸದು ಹಾಕಿದ್ದೆಂದು ಅದರ ಬೆಲೆಯೂ ವಯರಿಂಗ್ ತಪಾಸಣೆಯ ಮಜೂರಿಯೂ ಸೇರಿವೆ.

12ರ ಬೆಳಿಗ್ಗೆ ಅಂಗಳದಲ್ಲಿ ಕೀ ತಿರುಗಿಸಿದಾಗ ಬ್ಯಾಟರಿಯ ದೀಪ ಉರಿಯಿತು, ಆಯಿಲಿನ ದೀಪ ಉರಿಯಲಿಲ್ಲ. ಎಂಜಿನ್ ನಿಂತಿರುವಾಗ ಎಣ್ಣೆಗೆ ಒತ್ತಡವಿರುವುದಿಲ್ಲವಾದ್ದರಿಂದ ಸ್ವಿಚ್ಚು ದೀಪದಿಂದ ಬರುವ ಒಂಟಿ ತಂತಿಯನ್ನು ಎಂಜಿನ್ನಿನ ಮೈಗೆ ಅರ್ತ್ ಮಾಡಿ ದೀಪವನ್ನು ಉರಿಸಲೇಬೇಕು. ಎಂಜಿನ್ ಚಾಲೂ ಆಗಿ ಒತ್ತಡ ಏರಿದೊಡನೆ ಸ್ವಿಚ್ಚು ಬಿಟ್ಟುಕೊಂಡು ದೀಪ ಆರಬೇಕು. ಇದು ನಿಮ್ಮವರಿಗೆ ತಿಳಿಯದ ಸಂಗತಿಯಲ್ಲ. ಟಾರ್ಚ್ ಹಿಡಿದು ವ್ಯಾನಿನಡಿ ಮಲಗಿ ನೋಡಿದೆ. ಸ್ವಿಚ್ಚಿನ ತಲೆ ಬೋಳಾಗಿತ್ತು. ಅದಕ್ಕೆ ಸೇರಬೇಕಾದ ತಂತಿಯ ತುದಿಗೆ ಕಪ್ಪು ಟೇಪ್ ಸುತ್ತಿ ಪಕ್ಕದ ಪೈಪಿಗೆ ಕಟ್ಟಿದ್ದರು. ಸ್ವಿಚ್ಚಿನ ಸುತ್ತ ಹಳೆಯ ಜಿಡ್ಡು, ಕೆಂಪು ಮಣ್ಣು ಹಾಗೆಯೇ ಗಟ್ಟಿಯಾಗಿ ಅಂಟಿದ್ದವು. ಸ್ಪ್ಯಾನರ್ ತಾಗಿದ ಗುರುತೇ ಇರಲಿಲ್ಲ.

ಓಡಿಸಲು ಧೈರ್ಯವಾಗದೆ ಮರುದಿನ ಬಸ್ಸಿನಲ್ಲಿ ನಿಮ್ಮಲ್ಲಿಗೆ ಬಂದೆ. ನಲವತ್ತು ನಿಮಿಷ ನಿಲ್ಲಿಸಿದ ಮೇಲೆ ಕೌಂಟರಿನ ಯುವಕರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ, “ದೀಪ ಆರಬೇಕೆಂದು ನೀವೇ ಹೇಳಿದ್ದಲ್ಲವಾ ಮಾಷೇ? ಆರಿದೆಯಲ್ಲ?” ಎಂದರು. ತಂತಿ ಕಳಚಿದ ಫೋಟೋ ತೋರಿಸಲು ಮೊಬೈಲನ್ನು ಅವರ ಮುಂದಿಟ್ಟೆ. ಅದನ್ನು ಕೈಯಿಂದ ಮುಟ್ಟದೆ, ಪೆನ್ನಿನ ತುದಿಯಿಂದ ನನ್ನ ಕಡೆಗೆ ತಳ್ಳಿದರು. “ಇಷ್ಟು ಹಳೆಯ ಗಾಡಿಗೆ ಇಷ್ಟೇ ಆಗುವುದು. ಗುಜರಿಗೆ ಕೊಡಿ,” ಎಂದರು. ಹಿಂದೆ ನಿಂತಿದ್ದ ಇಬ್ಬರು ನಕ್ಕರು. ಅವರ ಪಕ್ಕದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಲೆ ತಗ್ಗಿಸಿದ. ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ ಆ ತಗ್ಗಿದ ತಲೆಯೇ ಹೆಚ್ಚು ನೋವು ಕೊಟ್ಟಿತು. ಬದಲಿಸಿದ ಭಾಗವನ್ನು ಗ್ರಾಹಕರಿಗೆ ತೋರಿಸಲಾಗುವುದೆಂದು ಅದೇ ಕೌಂಟರಿನ ಮೇಲಿನ ಹಲಗೆಯಲ್ಲಿ ನೀವೇ ಬರೆಸಿದ್ದೀರಿ. ಹಾಗಾದರೆ ಹಳೆಯ ಸ್ವಿಚ್ಚನ್ನು ತೋರಿಸಿ ಎಂದೆ. “ಬಿಸಾಡಿ ಆಯಿತು” ಎಂಬ ಉತ್ತರ ಬಂತು. ಆಮೇಲೆ ಮೂರು ಸಲ ಫೋನ್ ಮಾಡಿ ಮರ್ಯಾದೆಯಿಂದಲೇ ಕೇಳಿದೆ. ಮೂರು ಸಲವೂ ತಿರುಗಿ ಕರೆಯುತ್ತೇವೆ ಎಂದವರು ಕರೆಯಲಿಲ್ಲ.

ಬಿಸಾಡಿದ್ದೆಂದು ನೀವು ಹೇಳಿದ ಆ ಸ್ವಿಚ್ಚು ಈಗ ನನ್ನ ಮೇಜಿನ ಮೇಲಿದೆ. ನಮ್ಮೂರಿನ ಮೆಕ್ಯಾನಿಕ್ ಮನೆಗೇ ಬಂದು ಅದನ್ನು ಬಿಚ್ಚಿ, ಆ ತೂತಿಗೆ ಪ್ರೆಶರ್ ಗೇಜ್ ಕೂರಿಸಿ ಎಂಜಿನ್ ಬಿಸಿಯಾಗುವವರೆಗೂ ಓಡಿಸಿ ನೋಡಿದರು. ಒತ್ತಡ ಸರಿಯಾಗಿತ್ತು, ಸ್ವಿಚ್ಚು ಒಳಗೇ ಹಿಡಿದುಕೊಂಡಿತ್ತು. ತಂತಿ ಕಳಚಿದಾಗ ದೀಪ ಆರಿತೆಂದರೆ ತಂತಿ ನಡುವೆ ಎಲ್ಲಿಯೂ ವ್ಯಾನಿನ ಮೈಗೆ ತಾಗುತ್ತಿಲ್ಲ, ದೋಷ ಸ್ವಿಚ್ಚಿನದ್ದು ಅಥವಾ ನಿಜವಾಗಿಯೂ ಒತ್ತಡದ್ದು ಎಂದು ನಿಮ್ಮವರಿಗೆ ಅಲ್ಲೇ ತಿಳಿಯಬೇಕಿತ್ತು. ಎರಡರಲ್ಲಿ ಯಾವುದೆಂದು ನೋಡದೆ ಟೇಪ್ ಸುತ್ತಿದರು. ಒತ್ತಡವೇ ಬಿದ್ದಿದ್ದರೆ ಎಣ್ಣೆ ಸಿಗದ ಬೇರಿಂಗುಗಳು ಪೆರ್ಲದ ದಾರಿಯಲ್ಲಿ ಎಲ್ಲೋ ಕಚ್ಚಿಕೊಂಡು ಎಂಜಿನ್ ನಿಲ್ಲುತ್ತಿತ್ತು, ಎಚ್ಚರಿಸಲು ದೀಪವೂ ಇರುತ್ತಿರಲಿಲ್ಲ. ಆ ವ್ಯಾನಿನಲ್ಲಿ ನನ್ನ ಮೊಮ್ಮಕ್ಕಳು ಶಾಲೆಗೆ ಹೋಗುತ್ತಾರೆ.

ಹದಿನೈದು ದಿನಗಳೊಳಗೆ 1,480 ರೂಪಾಯಿಯನ್ನೂ, ಹಾಕದ ಸ್ವಿಚ್ಚಿಗೆ ಬಿಲ್ ಬರೆದದ್ದು ಹೇಗೆಂಬ ಲಿಖಿತ ಉತ್ತರವನ್ನೂ ಕಳುಹಿಸಬೇಕು. ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ಲೋಪಕ್ಕಾಗಿ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ನನಗೆ ಎರಡು ವರ್ಷಗಳ ಕಾಲಾವಕಾಶವಿದೆ, ನಿವೃತ್ತನಾದ್ದರಿಂದ ಸಮಯವೂ ಇದೆ. ಉತ್ತರ ಕೊಡದೆ ಬರೀ ಹಣ ಕಳುಹಿಸಿದರೆ ಅದನ್ನು ಮರಳಿಸಿ ಆಯೋಗಕ್ಕೇ ಹೋಗುತ್ತೇನೆ. ಬಿಲ್ಲು, ಫೋಟೋಗಳು, ಟೇಪಿನ ತುಂಡು, ಸ್ವಿಚ್ಚು ಎಲ್ಲವನ್ನೂ ಒಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ.

ಇತಿ,
ನಿಮ್ಮ ಗ್ರಾಹಕ