ಪಾತ್ರೆಗಳ ನೆನಪಿಟ್ಟವರಿಗೂ ಕಡತ ಮುಂದಿಟ್ಟವರಿಗೂ

ಕಳೆದ ಸೋಮವಾರ ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಮರಳಿದೆ. ಕೆಲವರ ಋಣವನ್ನು ಹೇಳಿಕೊಳ್ಳಬೇಕಿದೆ.

ಮೊದಲು, ಖಿನ್ನತೆ ಎಂದು ನನಗೆ ಚಿಕಿತ್ಸೆ ಕೊಟ್ಟಿದ್ದ ಇಲ್ಲಿನ ಮನೋವೈದ್ಯರಿಗೆ. ಮಾತ್ರೆಯಿಂದ ಸ್ವಲ್ಪ ಕಾಲ ಹಗುರವಾಗಿ ಮತ್ತೆ ಕುಸಿಯುತ್ತಿದ್ದೆ. ‘ಬೇರೆಯವರಿಗೂ ಒಮ್ಮೆ ತೋರಿಸಲೇ?’ ಎಂದು ಅಳುಕುತ್ತ ಕೇಳಿದೆ. ಅವರು ಮುಖ ಗಂಟಿಕ್ಕಲಿಲ್ಲ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವಾಗ ಹೆಚ್ಚಿಸಿದ್ದು, ಗುಣವೇನು ಎಂಬುದನ್ನೆಲ್ಲ ಬರೆದು ನಿಮ್ಹಾನ್ಸ್‌ಗೆ ಪತ್ರ ಕೊಟ್ಟರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ದಾಖಲೆ ಪಡೆಯುವುದು ರೋಗಿಯ ಹಕ್ಕು. ಕಾಯ್ದೆಯ ಮಾತೆತ್ತುವ ಪ್ರಸಂಗವೇ ನನಗೆ ಬರಲಿಲ್ಲ.

ಆಮೇಲೆ ಅತ್ತೆಯವರಿಗೆ. ಬೆಂಗಳೂರಿನ ವೈದ್ಯೆ ನನ್ನ ದುಃಖವನ್ನು ಬಿಟ್ಟು ಹುರುಪಿನ ದಿನಗಳನ್ನೇ ಕೆದಕಿ ಕೇಳಿದರು. ‘ನಿದ್ದೆಯಿಲ್ಲದಿದ್ದರೂ ದಣಿವಾಗದ ದಿನಗಳು ಇದ್ದವೇ?’ ಇಲ್ಲವೆಂದೆ. ಪಕ್ಕದಲ್ಲಿದ್ದ ಅತ್ತೆ ಸೆರಗು ಸರಿಪಡಿಸಿಕೊಂಡು ಬಾಯಿಬಿಟ್ಟರು: ‘ಇತ್ತು ಡಾಕ್ಟರೇ. ಗೌರಿ ಹಬ್ಬದ ಹೊತ್ತಿಗೆ ರಾತ್ರಿ ಎರಡಕ್ಕೆ ಎದ್ದು ಅಟ್ಟದ ಪಾತ್ರೆಯನ್ನೆಲ್ಲ ಇಳಿಸಿ ತಿಕ್ಕುತ್ತಿದ್ದಳು. ಮಾತಿಗೆ ತಡೆಯೇ ಇರಲಿಲ್ಲ. ಹೊಲಿಯಲು ಬಾರದಿದ್ದರೂ ಸಾಲ ಮಾಡಿ ಹೊಲಿಗೆ ಯಂತ್ರ ತಂದಳು.’ ಮನೆಯಲ್ಲಿ ಅದಕ್ಕೆ ಚುರುಕುತನ ಎನ್ನುತ್ತಿದ್ದರು. ಆ ಪಾತ್ರೆಗಳ ಕಥೆಯಿಂದಲೇ ವಿಚಾರಣೆ ಬೇರೆ ದಿಕ್ಕಿಗೆ ಹೊರಳಿತು: ಬೈಪೋಲಾರ್, ಅಂದರೆ ಅತಿಯಾದ ಹುರುಪೂ ಖಿನ್ನತೆಯೂ ಬಂದು ಹೋಗುವ ಕಾಯಿಲೆ.

ಕುಸಿದಾಗಲಷ್ಟೇ ವೈದ್ಯರಲ್ಲಿಗೆ ಹೋಗುವುದರಿಂದ ಈ ಕಾಯಿಲೆ ಖಿನ್ನತೆಯಂತೆಯೇ ಕಾಣುತ್ತದಂತೆ. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉದ್ವೇಗ ವಿಪರೀತಕ್ಕೆ ಹೋಗುವುದೂ ಉಂಟು. ಆದರೂ ಮೊದಲ ವೈದ್ಯರನ್ನು ಬೈಯುವ ನೆಂಟರ ಗುಂಪಿಗೆ ನಾನು ಸೇರುವುದಿಲ್ಲ. ಈಗಲೂ ಇಲ್ಲಿ ನನ್ನನ್ನು ನೋಡಿಕೊಳ್ಳುತ್ತಿರುವವರು ಅವರೇ. ಮನಸ್ಸಿನ ಏರಿಳಿತವನ್ನು ಹಿಡಿತದಲ್ಲಿಡುವ ಲಿಥಿಯಂ ಮಾತ್ರೆ ನಡೆಯುತ್ತಿದೆ. ರಕ್ತದಲ್ಲಿ ಅದರ ಪ್ರಮಾಣ ನೋಡಲು, ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ ಪರೀಕ್ಷೆಗೆ ರಕ್ತ ಕೊಡಬೇಕು. ಥೈರಾಯ್ಡ್, ಮೂತ್ರಪಿಂಡಗಳನ್ನೂ ಆಗಾಗ ಪರೀಕ್ಷಿಸಬೇಕು. ಬೆಳಿಗ್ಗೆ ಸರಿಯಾದ ಹೊತ್ತಿಗೆ ಬಾಗಿಲು ತೆಗೆದಿಡುವ ಲ್ಯಾಬಿನ ಹುಡುಗಿಗೆ, ಹಳೆಯ ಬಿಲ್ಲುಗಳನ್ನೆಲ್ಲ ಹುಡುಕಿಕೊಟ್ಟ ಬಿ.ಎಂ. ರಸ್ತೆಯ ಔಷಧಿ ಅಂಗಡಿಯವರಿಗೆ, ನಿದ್ದೆ ಬಾರದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ 14416ರ ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಸಮಾಧಾನ ಹೇಳಿದವರಿಗೆ ನಮಸ್ಕಾರ.

ಕಾಫಿ ಬಂದು ಬೀಳುವ ಕಾಲದಲ್ಲಿ ನನ್ನ ಕೆಲಸವನ್ನೂ ಹೊತ್ತ ಸಹೋದ್ಯೋಗಿಗಳಿಗೆ ಏನು ಹೇಳಲಿ? ಬಂದ ದಿನವೇ ‘ಈ ಬೆಳೆಗಾರರ ಲೆಕ್ಕ ತಾಳೆಯಾಗುತ್ತಿಲ್ಲ, ನೋಡಿ ಮೇಡಂ’ ಎಂದು ಕಡತ ಮುಂದಿಟ್ಟರು. ಕನಿಕರದ ನೋಟಗಳಿಗಿಂತ ಅದೇ ಹಿತವೆನಿಸಿತು. ತಪ್ಪು ಸಿಕ್ಕಿದೆ: ತೂಕದ ಚೀಟಿಯೊಂದು ಎರಡು ಸಲ ದಾಖಲಾಗಿತ್ತು. ಬರೆದವರು ಯಾರೆಂದು ಇಲ್ಲಿ ಹೇಳುವುದಿಲ್ಲ, ಆದರೆ ನಾನಂತೂ ಆಗ ರಜೆಯಲ್ಲಿದ್ದೆ.