ಮನಸ್ಸು ಓದುವವನಿಗೆ ಒಂದು ಕೆಲಸ ಕೊಡು

ಪ್ರೀತಿಯ ತಂಗೀ,

ನಿನ್ನ ಕಾದಂಬರಿಯ ಕರಡು ಓದಿ ಮುಗಿಸಿದೆ. ಭಾಷೆ ಚೆನ್ನಾಗಿದೆ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಬೆಳೆದವಳು ಬರೆದದ್ದು ಅಂತ ಪುಟಪುಟದಲ್ಲೂ ಗೊತ್ತಾಗುತ್ತದೆ. ನನ್ನ ತಕರಾರು ಇರುವುದು ನಿನ್ನ ನಾಯಕನ ಬಗ್ಗೆ.

ಅವನಿಗೆ ಬೇರೆಯವರ ಮನಸ್ಸು ಕೇಳಿಸುತ್ತದೆ, ಸರಿ. ಅದರಿಂದ ಅವನು ಮಾಡುವುದೇನು? ಪೊಲೀಸರಿಗೆ ಕಳ್ಳರನ್ನು ಹಿಡಿದುಕೊಡುತ್ತಾನೆ. ಟ್ರೈನಿನಲ್ಲಿ ಬಾಂಬ್ ಇಡಲು ಹೊರಟವನನ್ನು ತಡೆಯುತ್ತಾನೆ. ಒಂದು ದಿನ ಶಕ್ತಿ ಹೋಗುತ್ತದೆ, ಊರಿಗೆ ಊರೇ ಅಳುತ್ತದೆ. ನನಗೆ ಅಳು ಬರಲಿಲ್ಲ ಕಣಮ್ಮ. ಶಕ್ತಿ ಹೋದ ಮೇಲೂ ಅವನಿಗೆ ಫ್ಲ್ಯಾಟ್ ಇದೆ, ಹೆಸರಿದೆ, ಸರ್ಕಾರದ ಸನ್ಮಾನ ಬೇರೆ. ಅವನು ಕಳೆದುಕೊಂಡದ್ದಾದರೂ ಏನು?

ಇದೇ ಕಥಾವಸ್ತುವನ್ನು ಅಮೆರಿಕದ ರಾಬರ್ಟ್ ಸಿಲ್ವರ್‌ಬರ್ಗ್ 1972ರಲ್ಲೇ ಬರೆದಿದ್ದಾರೆ. ಕಾದಂಬರಿಯ ಹೆಸರು ‘ಡೈಯಿಂಗ್ ಇನ್‌ಸೈಡ್’. ಅವರ ನಾಯಕ ಡೇವಿಡ್ ಸೆಲಿಗ್‌ಗೆ 41 ವರ್ಷ. ನ್ಯೂಯಾರ್ಕಿನಲ್ಲಿ ಒಬ್ಬನೇ ಇದ್ದಾನೆ. ಇಷ್ಟು ದೊಡ್ಡ ಶಕ್ತಿ ಇಟ್ಟುಕೊಂಡು ಅವನು ಮಾಡುವ ಕೆಲಸ ಏನು ಗೊತ್ತಾ? ಕೊಲಂಬಿಯಾ ಯೂನಿವರ್ಸಿಟಿ ಹುಡುಗರಿಗೆ ದುಡ್ಡು ತೆಗೆದುಕೊಂಡು ಪ್ರಬಂಧ ಬರೆದುಕೊಡುವುದು! ಹುಡುಗನ ತಲೆಯೊಳಗೆ ಇಣುಕಿ, ಅವನೇ ಬರೆದ ಹಾಗೆ ಕಾಣುವಂತೆ ಬರೆಯುತ್ತಾನೆ. ಶಕ್ತಿ ಕೈಕೊಟ್ಟಾಗ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ಬರೆದುಕೊಟ್ಟ ಪ್ರಬಂಧ ಅವನದ್ದರ ಹಾಗೆ ಇರುವುದಿಲ್ಲ. ಸೆಲಿಗ್ ಒದೆ ತಿನ್ನುತ್ತಾನೆ. ಯೂನಿವರ್ಸಿಟಿಯವರ ಕೈಗೂ ಸಿಕ್ಕಿಬೀಳುತ್ತಾನೆ. ಆ ಪ್ರಬಂಧಗಳನ್ನು ಸಿಲ್ವರ್‌ಬರ್ಗ್ ಕಾದಂಬರಿಯೊಳಗೇ ಹಾಕಿದ್ದಾರೆ. ಅಷ್ಟುದ್ದ ಬೇಕಿತ್ತಾ ಅಂತ ನನಗೆ ಅನಿಸಿದ್ದುಂಟು. ಆದರೆ ಶಕ್ತಿ ಹೋದರೆ ಮೊದಲು ಏಟು ಬೀಳುವುದು ಹೊಟ್ಟೆಪಾಡಿಗೆ ಅನ್ನುವುದನ್ನು ಅವರು ಒಂದು ಕ್ಷಣವೂ ಮರೆಯುವುದಿಲ್ಲ.

ನಿನ್ನವನಿಗೂ ಅಂಥದ್ದೊಂದು ಕೆಲಸ ಕೊಡು. ಮಾಟುಂಗದ ಉಡುಪಿ ಹೋಟೆಲಿಗೆ ಸೇರಿಸು. ಚಿಕ್ಕಂದಿನಲ್ಲಿ ಊರಿಂದ ಬಂದವನು, ಹಗಲು ತಟ್ಟೆ ತೊಳೆದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಈಗ ಸಪ್ಲಾಯರ್ ಆಗಿದ್ದಾನೆ ಅನ್ನು. ಗಿರಾಕಿ ಬಾಯಿ ಬಿಡುವ ಮೊದಲೇ ಬೇಕಾದ್ದು ಟೇಬಲ್ಲಿಗೆ ಬರುತ್ತದೆ. ಟಿಪ್ಸ್ ಜಾಸ್ತಿ. ಮಾಲೀಕರಿಗೆ ಇವನೆಂದರೆ ಪ್ರಾಣ. ಉಳಿದ ಹುಡುಗರಿಗೆ ಹೊಟ್ಟೆಯುರಿ.

ಮೊದಲ ತಪ್ಪು ತೀರಾ ಚಿಕ್ಕದಿರಲಿ. ದಿನಾ ಬರುವ ಒಬ್ಬ ಗುಜರಾತಿ ಅಜ್ಜ ಇದ್ದಾರೆ ಅಂತಿಟ್ಟುಕೋ. ಇವನು ಎಂದಿನಂತೆ ಇಡ್ಲಿ ತಂದಿಡುತ್ತಾನೆ. ಅಜ್ಜ ತಟ್ಟೆ ನೋಡುತ್ತಾರೆ, ಇವನ ಮುಖ ನೋಡುತ್ತಾರೆ. ಏನೂ ಹೇಳದೆ ಒಂದು ಇಡ್ಲಿ ತಿಂದು, ಇನ್ನೊಂದನ್ನು ಬಿಟ್ಟು, ಬಿಲ್ ಕೊಟ್ಟು ಹೋಗುತ್ತಾರೆ. ಅಷ್ಟೇ. ಅವತ್ತು ಅವರಿಗೆ ಏನು ಬೇಕಿತ್ತು ಅನ್ನುವುದು ಇವನಿಗೂ ಗೊತ್ತಾಗಬಾರದು, ನಮಗೂ ಗೊತ್ತಾಗಬಾರದು.

ಶಕ್ತಿ ಒಂದೇ ಏಟಿಗೆ ಹೋಗುವುದು ಬೇಡ. ಒಂದು ವಾರ ಮಂಕು, ಮರುದಿನ ಫಳಫಳ. ಆಸೆ ಹುಟ್ಟಿಸಿ ಕೈಬಿಡಬೇಕು. ಹಾಂ, ‘ಸ್ಟೇಷನ್ ತಪ್ಪಿದ ರೇಡಿಯೊ’ ಅಂತ ಎಷ್ಟು ಸಲ ಬರೆದಿದ್ದೀಯ! ಎಲ್ಲಾ ತೆಗೆದುಬಿಡು.

ಅದರ ಬದಲು ಅಳೆದು ತೋರಿಸುವ ಒಂದು ದಾರಿ ಇದೆ. ಡ್ಯೂಕ್ ಯೂನಿವರ್ಸಿಟಿಯಲ್ಲಿ ಜೆ. ಬಿ. ರೈನ್ ಎಂಬವರು 1930ರ ದಶಕದಲ್ಲಿ ಕಾರ್ಡುಗಳನ್ನಿಟ್ಟು ಟೆಲಿಪಥಿಯ, ಅಂದರೆ ಮನಸ್ಸು ಓದುವ ಶಕ್ತಿಯ, ಪರೀಕ್ಷೆ ನಡೆಸುತ್ತಿದ್ದರು. ಒಂದು ಕಟ್ಟಿನಲ್ಲಿ 25 ಕಾರ್ಡು. ವೃತ್ತ, ಕೂಡು ಗುರುತು, ಅಲೆ, ಚೌಕ, ನಕ್ಷತ್ರ, ಹೀಗೆ ಐದು ಚಿತ್ರ, ಒಂದೊಂದೂ ಐದೈದು ಸಲ. ಸುಮ್ನೆ ಊಹೆ ಮಾಡಿದರೂ ಸರಾಸರಿ 5 ಸರಿಯಾಗುತ್ತದೆ. ರೈನ್ ಅವರ ಫಲಿತಾಂಶಗಳನ್ನು ವಿಜ್ಞಾನಿಗಳು ಒಪ್ಪಲಿಲ್ಲ, ಅದು ಬೇರೆ ಮಾತು. ಕಾದಂಬರಿಗೆ ಕಟ್ಟು ಸಾಕು. ಹೋಟೆಲ್ ಬಾಗಿಲು ಹಾಕಿದ ಮೇಲೆ ನಿನ್ನ ನಾಯಕ ಒಬ್ಬ ಹುಡುಗನ ಕೈಗೆ ಕಾರ್ಡು ಕೊಟ್ಟು ಎದುರು ಕೂರಲಿ. 25ಕ್ಕೆ 25 ಬರುತ್ತಿದ್ದದ್ದು 19 ಆಗಲಿ, ಆಮೇಲೆ 12. 5ಕ್ಕೆ ಬಂದ ದಿನ ಅವನು ನಮ್ಮ ನಿಮ್ಮಂತೆ. 6 ಬಂದರೆ ಅವನಿಗೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ, ಶಕ್ತಿಯೋ ಅದೃಷ್ಟವೋ ಅಂತ. ಈ ಭಾಗಕ್ಕೆ ಎಷ್ಟು ಪುಟ ಬೇಕಾದರೂ ತಗೋ.

ಮುಂಬಯಿಯ ಲೋಕಲ್ ಟ್ರೈನ್ ಬಗ್ಗೆ ಎರಡು ಮಾತು. ಸಂಜೆಯ ಗರ್ದಿಯಲ್ಲಿ ಚದರ ಮೀಟರಿಗೆ 14-16 ಜನ ನಿಂತಿರುತ್ತಾರೆ ಅಂತ ರೈಲ್ವೆಯವರದೇ ಲೆಕ್ಕ ಇದೆ. ಮನಸ್ಸು ಕೇಳಿಸುವವನಿಗೆ ಅದು ನರಕ ಅಲ್ವಾ? ಮರಾಠಿ, ಗುಜರಾತಿ, ತುಳು, ಭೋಜಪುರಿ ಎಲ್ಲಾ ಒಟ್ಟಿಗೆ ಕಿವಿಗೆ ಬಡಿಯುತ್ತದೆ. ಹಾಗಾದರೆ ಶಕ್ತಿ ಇಳಿದಾಗ ಆ ಡಬ್ಬದಲ್ಲಿ ಅವನಿಗೆ ಮೊದಲು ಆಗಬೇಕಾದದ್ದು ಖುಷಿ. ದುಃಖ ಆಮೇಲೆ ಬರಲಿ. ನಿನ್ನ ಕರಡಿನಲ್ಲಿ ಈ ಖುಷಿ ಎಲ್ಲೂ ಇಲ್ಲ.

ಹೆಂಡತಿಯನ್ನು ಒಂದೇ ಅಧ್ಯಾಯಕ್ಕೆ ಕರೆದು ಕಳಿಸಿಬಿಟ್ಟಿದ್ದೀಯ. ಸಿಲ್ವರ್‌ಬರ್ಗ್ ಕಥೆಯಲ್ಲಿ ತಂಗಿ ಜೂಡಿತ್‌ಗೆ ಅಣ್ಣ ತನ್ನ ತಲೆಯೊಳಗೆ ಇಣುಕುತ್ತಾನೆ ಅಂತ ಸಿಟ್ಟು. ಅವನ ಶಕ್ತಿ ಇಳಿದಂತೆ ಇಬ್ಬರೂ ಹತ್ತಿರವಾಗುತ್ತಾರೆ. ನಿನ್ನ ನಾಯಕನ ಹೆಂಡತಿಗೂ ಎಲ್ಲಾ ಗೊತ್ತಿದೆ. ಗಂಡ ಮನೆಯೊಳಗೆ ಕಾಲಿಟ್ಟ ಕೂಡಲೇ ಮನಸ್ಸಿನಲ್ಲೇ ಮಗ್ಗಿ ಹೇಳತೊಡಗುತ್ತಾಳೆ, ತನ್ನ ಮಾತು ಅವನಿಗೆ ಕೇಳಿಸದಿರಲಿ ಅಂತ. ಒಂದು ರಾತ್ರಿ 17ರ ಮಗ್ಗಿ ಅರ್ಧಕ್ಕೆ ನಿಲ್ಲುತ್ತದೆ. ಅವಳು ನಿಲ್ಲಿಸಿದಳಾ, ಇವನಿಗೆ ಕೇಳಿಸದಾಯಿತಾ? ಇವನು ಕೇಳುವ ಹಾಗಿಲ್ಲ. ಇವನು ಹೇಳದಿದ್ದರೆ ಅವಳು ಪಾಪ ವರ್ಷಗಟ್ಟಲೆ ಸುಮ್ನೆ ಮಗ್ಗಿ ಹೇಳುತ್ತಲೇ ಇರುತ್ತಾಳೆ. ಯಾವಾಗ ಹೇಳುತ್ತಾನೆ, ಹೇಳುತ್ತಾನೋ ಇಲ್ಲವೋ, ಅದನ್ನು ನೀನೇ ಯೋಚಿಸು. ನನ್ನ ಕೇಳಿದರೆ ಕಾದಂಬರಿ ಇರುವುದು ಅಲ್ಲೇ.

ಕೊನೆಯ ಡಾಕ್ಟರ್, ಮಿದುಳಿನ ಆಪರೇಷನ್ ಎಲ್ಲಾ ಹೊಡೆದುಹಾಕು. ಶಕ್ತಿ ಯಾಕೆ ಬಂತು, ಯಾಕೆ ಹೋಯಿತು ಅಂತ ವಿವರಿಸಲು ಹೊರಟರೆ ಓದುಗ ಅದರಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾನೆ.

ತಿದ್ದಲು ಕೂರುವ ಮೊದಲು ಯಶವಂತ ಚಿತ್ತಾಲರ ‘ಶಿಕಾರಿ’ ಓದು. 1979ರದ್ದು, ನಮ್ಮ ಮುಂಬಯಿಯದ್ದೇ. ಕಂಪನಿಯಲ್ಲಿ ತನ್ನ ವಿರುದ್ಧ ಯಾರು ಏನು ಹೂಡುತ್ತಿದ್ದಾರೆ ಅಂತ ತಿಳಿಯದೆ ನಾಗಪ್ಪ ಒದ್ದಾಡುತ್ತಾನೆ. ಬೇರೆಯವರ ಮನಸ್ಸು ಗೊತ್ತಾಗದ ಭಯ ಹೇಗಿರುತ್ತದೆ ಅಂತ ನಿನ್ನ ನಾಯಕ ಕಲಿಯಬೇಕಾದ್ದು ಅವನಿಂದ.

ಹೊಸ ಅಧ್ಯಾಯ ಪ್ರಿಂಟ್ ತೆಗೆದು ತಾ, ಮೊಬೈಲಿನಲ್ಲಿ ಓದಲು ನನ್ನಿಂದ ಆಗಲ್ಲ. ಹೆಂಡತಿಯದ್ದನ್ನೇ ಮೊದಲು ಬರಿ.

ನಿನ್ನ ಅಣ್ಣ
ಮಾಟುಂಗ, ಮುಂಬಯಿ