ದಸರಾ ರಜೆಯಲ್ಲಿ ಒಂದು ದಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ

ಪ್ರೀತಿಯ ತಂದೆ ತಾಯಂದಿರೇ, ನಮಸ್ಕಾರ.

ಇನ್ನೇನು ದಸರಾ ರಜೆ ಬಂತು. ಈ ಸಲ ಮಕ್ಕಳಿಗೆ ಪುಟಗಟ್ಟಲೆ ಕಾಪಿ ಬರೆಯುವ ಕೆಲಸ ಕೊಡುತ್ತಿಲ್ಲ. ಅದರ ಬದಲು ನಿಮಗೇ ಒಂದು ಕೆಲಸ ಕೊಡುತ್ತಿದ್ದೇನೆ. ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳನ್ನು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿ.

"ಹೋದ ವರ್ಷ ಶಾಲೆಯಿಂದಲೇ ಹೋಗಿದ್ರಲ್ಲ ಮೇಡಂ" ಅಂತ ನೀವು ಕೇಳಬಹುದು. ಹೋಗಿದ್ದೆವು. ಆದರೆ ಅದನ್ನು ನೋಡಿದ್ದು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಎರಡು ಗಂಟೆಯಲ್ಲಿ ಎಲ್ಲ ಮಹಡಿ ಹತ್ತಿಸಿ ಇಳಿಸಿದೆವು. ಅಲ್ಲಿ ಚೆಂಡು ಉರುಳುವ ಒಂದು ದೊಡ್ಡ ಯಂತ್ರವಿದೆ. ಚೆಂಡು ಮೇಲಕ್ಕೇರುತ್ತದೆ, ಆಮೇಲೆ ಕಂಬಿಗಳ ಮೇಲೆ ಸುತ್ತುತ್ತಾ, ತಿರುಗುತ್ತಾ ಕೆಳಗೆ ಬರುತ್ತದೆ. ನಮ್ಮ ಮೂರನೇ ತರಗತಿಯ ಒಬ್ಬ ಹುಡುಗ ಅದರ ಮುಂದೆ ನಿಂತೇಬಿಟ್ಟ. ಒಂದೇ ಚೆಂಡಿನ ಮೇಲೆ ಕಣ್ಣಿಟ್ಟು, ಅದು ಹೋದ ಕಡೆಗೆಲ್ಲ ತಲೆ ತಿರುಗಿಸುತ್ತಿದ್ದ. "ಮಿಸ್, ಇಳಿದ ಮೇಲೆ ಅದು ತಾನಾಗೇ ಮತ್ತೆ ಅಷ್ಟು ಮೇಲೆ ಯಾಕೆ ಹೋಗಲ್ಲ?" ಅಂತ ಕೇಳಿದ. ನಾನು "ಬಸ್ಸಿಗೆ ಹೊತ್ತಾಯ್ತು, ಬಾ" ಅಂತ ಕೈ ಹಿಡಿದು ಎಳೆದುಕೊಂಡು ಬಂದೆ.

ಆ ದಿನ ಬೇರೆ ಯಾವ ಮಗುವೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಲಿಲ್ಲ. ಅವನಿಗೆ ಉತ್ತರ ಕೊಡದೆ ಬಂದದ್ದು ನನ್ನ ತಪ್ಪು. ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಅರವತ್ತು ಮಕ್ಕಳನ್ನು ಕಾಯುವ ಶಿಕ್ಷಕರಿಗೆ ಒಂದು ಮಗುವಿನ ಜೊತೆ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ. ಅಪ್ಪ ಅಮ್ಮನಿಗೆ ಆಗುತ್ತದೆ.

"ನಾವು ಜಾಸ್ತಿ ಓದಿದವರಲ್ಲ, ನಾವೇನು ಹೇಳಿಕೊಡೋದು?" ಅಂತ ಕೆಲವರು ಹಿಂಜರಿಯುತ್ತೀರಿ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಆ ಹುಡುಗನ ಪ್ರಶ್ನೆಗೆ ಉತ್ತರ ನಮ್ಮ ಚನ್ನಪಟ್ಟಣದ ಎಷ್ಟೋ ಮನೆಗಳಲ್ಲೇ ಇದೆ. ಲೇತಿನಲ್ಲಿ ಹಾಲೆ ಮರದ ತುಂಡು ಗಿರ್ರನೆ ತಿರುಗುವಾಗ ನೀವು ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತೀರಿ. ಬೆಂಕಿ ಇಲ್ಲ, ಒಲೆ ಇಲ್ಲ. ಆದರೂ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಉಜ್ಜಾಟದಿಂದ ಹುಟ್ಟುವ ಬಿಸಿ ಅದು. ಚೆಂಡೂ ಕಂಬಿಗೆ ಉಜ್ಜುತ್ತಾ, ಗಾಳಿಯನ್ನು ಸೀಳುತ್ತಾ, ಸದ್ದು ಮಾಡುತ್ತಾ ಇಳಿಯುತ್ತದೆ. ಮೇಲೆ ಇದ್ದಾಗಿನ ಶಕ್ತಿಯಲ್ಲಿ ಸ್ವಲ್ಪ ಭಾಗ ಹೀಗೆ ಬಿಸಿಯಾಗಿ, ಸದ್ದಾಗಿ ಹೋಗುತ್ತದೆ. ಉಳಿದದ್ದರಲ್ಲಿ ಮೊದಲಿನ ಎತ್ತರ ಮುಟ್ಟಲು ಆಗುವುದಿಲ್ಲ. ಅದಕ್ಕೇ ಪ್ರತಿ ಸುತ್ತಿಗೂ ಅದನ್ನು ಯಂತ್ರವೇ ಮೇಲೆತ್ತಬೇಕು. ಗೊಂಬೆ ಮಾಡುವ ಅಪ್ಪ ಇದನ್ನು ಹೇಳಿದರೆ ಮಗುವಿಗೆ ನನ್ನ ಪಾಠಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಎಂಜಿನ್‌ಗಳ ವಿಭಾಗದಲ್ಲೂ ಹಾಗೇ. ಹಬೆ ಎಂಜಿನ್‌ನಿಂದ ಹಿಡಿದು ಜೆಟ್ ಎಂಜಿನ್‌ವರೆಗೆ ಅಲ್ಲಿದೆ. ಗಾಡಿ ರಿಪೇರಿ ಮಾಡುವವರು, ಟ್ರಾಕ್ಟರ್ ಓಡಿಸುವವರು ನಿಮ್ಮಲ್ಲೇ ಇದ್ದೀರಿ. ದಿನಾ ಮುಟ್ಟುವ ಪಿಸ್ಟನ್ ಒಳಗೆ ಹೇಗೆ ಆಡುತ್ತದೆ ಅಂತ ಅಲ್ಲಿ ಮಗುವಿಗೆ ನೀವೇ ತೋರಿಸಿ. ಅಜ್ಜ ಅಜ್ಜಿ ಬಂದರೆ ಇನ್ನೂ ಒಳ್ಳೆಯದು. ಬಾವಿಯ ರಾಟೆಯಲ್ಲಿ ನೀರು ಸೇದಿದವರಿಗಿಂತ ರಾಟೆಯ ಬಗ್ಗೆ ಯಾರು ಚೆನ್ನಾಗಿ ಹೇಳುತ್ತಾರೆ?

ರೈಟ್ ಸಹೋದರರ ವಿಮಾನದ ಪ್ರತಿಕೃತಿಯೂ ಇದೆ, ಮೂಲದಷ್ಟೇ ದೊಡ್ಡದು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ ಹಾರಿದ್ದು ಬರೀ 12 ಸೆಕೆಂಡು, 120 ಅಡಿ. ಮಕ್ಕಳಿಗೆ ಒಂದರಿಂದ ಹನ್ನೆರಡರವರೆಗೆ ಎಣಿಸಲು ಹೇಳಿ, ಅಷ್ಟೇ ಹೊತ್ತು ಅಂತ ತೋರಿಸಿ.

ಒಂದು ಎಚ್ಚರಿಕೆ. ಅಲ್ಲಿ ಡೈನೋಸಾರ್ ಒಂದಿದೆ, ತಲೆ ಆಡಿಸಿ ಗರ್ಜಿಸುತ್ತದೆ. ಅಂಗನವಾಡಿ ವಯಸ್ಸಿನ ತಮ್ಮ ತಂಗಿಯರು ಹೆದರಿ ಅಳಬಹುದು. ಬಲವಂತ ಮಾಡಬೇಡಿ, ದೂರದಿಂದಲೇ ತೋರಿಸಿ.

ಎಲ್ಲವನ್ನೂ ನೋಡಲೇಬೇಕು ಅಂತ ಹಟ ಬೇಡ. ಮಗು ಒಂದು ಕಡೆ ನಿಂತರೆ ನೀವೂ ನಿಲ್ಲಿ. ಗುಂಡಿ ಒತ್ತಲಿ, ಹಿಡಿ ತಿರುಗಿಸಲಿ, ಇನ್ನೊಂದು ಸಲ ಮಾಡಲಿ. ಬೋರ್ಡ್ ಓದಿ ಹೇಳುವ ಮೊದಲು "ಏನಾಗುತ್ತೆ ಅಂದ್ಕೊಂಡಿದ್ದೀಯ?" ಅಂತ ಕೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ. ಎರಡು ವಿಭಾಗ ಸರಿಯಾಗಿ ನೋಡಿ ಬಂದರೂ ಸಾಕು.

ದಾರಿ ಸುಲಭ. ರೈಲಿನಲ್ಲಿ ಬೆಂಗಳೂರು ಸಿಟಿ ಸ್ಟೇಷನ್, ಅಲ್ಲಿಂದ ಮೆಜೆಸ್ಟಿಕ್‌ನಲ್ಲಿ ವೈಟ್‌ಫೀಲ್ಡ್ ಕಡೆಯ ನೇರಳೆ ಮೆಟ್ರೋ. ಮೂರನೇ ನಿಲ್ದಾಣ ಕಬ್ಬನ್ ಪಾರ್ಕ್, ಅಲ್ಲಿ ಇಳಿದು ಕಸ್ತೂರಬಾ ರಸ್ತೆಗೆ ನಡೆಯಿರಿ. ಮಕ್ಕಳು ಸುಸ್ತಾದರೆ ಆಟೋ ಹಿಡಿಯಿರಿ. ಮೆಜೆಸ್ಟಿಕ್ ಆದ ಮೇಲೆ ಬರುವ ಮೊದಲ ನಿಲ್ದಾಣದ ಹೆಸರನ್ನು ಮಕ್ಕಳ ಕೈಲೇ ಓದಿಸಿ. ಅದೂ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ. ಪಕ್ಕದ ಸೆಂಟ್ರಲ್ ಕಾಲೇಜಿನಲ್ಲೇ ಅವರು ಓದಿದ್ದು. ಅವರ ಹೆಸರಿನ ಈ ಮ್ಯೂಸಿಯಂ ಕಟ್ಟಡವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು. 1965ರಲ್ಲಿ ಜನರಿಗೆ ತೆರೆದ ಮೊದಲ ವಿಭಾಗ ವಿದ್ಯುತ್ತಿನದು.

ಬೆಳಿಗ್ಗೆ 9.30ಕ್ಕೆ ಬಾಗಿಲು ತೆಗೆಯುತ್ತಾರೆ. ಆ ಹೊತ್ತಿಗೇ ಹೋದರೆ ನೂಕುನುಗ್ಗಲು ಕಮ್ಮಿ, ಮಕ್ಕಳ ಕೈಗೆ ಎಲ್ಲವೂ ಸಿಗುತ್ತದೆ.

ರಜೆ ಮುಗಿಸಿ ಬರುವಾಗ ವರದಿ ಬರೆಸಬೇಡಿ. ಮಗು ಒಂದು ಚಿತ್ರ, ಒಂದು ಪ್ರಶ್ನೆ ತಂದರೆ ಸಾಕು. ಪ್ರಶ್ನೆ ಮಗುವಿನದೇ ಆಗಿರಲಿ. ಈ ಸಲ ಎಲ್ಲ ಪ್ರಶ್ನೆಗಳನ್ನೂ ಪ್ರಾರ್ಥನೆಯ ಹೊತ್ತಿನಲ್ಲಿ ಓದುತ್ತೇವೆ, ದಿನಕ್ಕೊಂದರಂತೆ ಉತ್ತರ ಹುಡುಕುತ್ತೇವೆ.

ಈ ಸಲ ಹೋಗಲು ಆಗದವರೂ ಬೇಸರ ಮಾಡಿಕೊಳ್ಳಬೇಡಿ. ಹೊಳೆಯುವ ಸ್ಟೀಲ್ ಸೌಟು ಒಂದನ್ನು ಮಗುವಿನ ಕೈಗೆ ಕೊಡಿ. ಒಳಗಡೆ ನೋಡಿಕೊಂಡರೆ ಮುಖ ತಲೆಕೆಳಗು, ಹೊರಗಡೆ ನೋಡಿಕೊಂಡರೆ ನೆಟ್ಟಗೆ. ಸೌಟನ್ನು ನಿಧಾನವಾಗಿ ಕಣ್ಣಿನ ಹತ್ತಿರ ತರಲು ಹೇಳಿ, ಏನಾಯಿತು ಅಂತ ಮಗುವೇ ಹೇಳಲಿ. ಅದನ್ನೂ ಪ್ರಶ್ನೆಯಾಗಿ ಬರೆದು ತರಬಹುದು.

ಒಬ್ಬೊಬ್ಬರೇ ಹೋಗಲು ಹಿಂಜರಿಕೆ ಇರುವವರಿಗೆ ಒಂದು ಮಾತು. ರಜೆಯ ಮೊದಲ ಶನಿವಾರ ನಾನೇ ಹೋಗುತ್ತಿದ್ದೇನೆ. ಮಕ್ಕಳ ಜೊತೆ ದೊಡ್ಡವರು ಒಬ್ಬರಾದರೂ ಬರಬೇಕು. ಬರುವವರು ಗುರುವಾರದೊಳಗೆ ಹೆಸರು ಕೊಡಿ, ರೈಲಿನ ಸಮಯ ತಿಳಿಸುತ್ತೇನೆ. ಆ ಹುಡುಗನೂ ಅವನ ಅಮ್ಮನೂ ಆಗಲೇ ಹೆಸರು ಕೊಟ್ಟಿದ್ದಾರೆ. ಚೆಂಡಿನ ಮುಂದೆ ಎಷ್ಟು ಹೊತ್ತು ನಿಂತರೂ "ಬಾ" ಅಂತ ಕರೆಯುವುದಿಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ.

ನಿಮ್ಮ,
ಮುಖ್ಯ ಶಿಕ್ಷಕಿ